ಏಕಶಿಲೆಯಿಂದ ಕಿರುಸೇವೆಗಳಿಗೆ: ಹೆಬ್ಬೂರು ಹೋಬಳಿಯ ಭೂದಾಖಲೆಗಳ ದೃಷ್ಟಿಯಿಂದ ಒಂದು ವಿವೇಚನೆ

೧

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿರುವ ಹೆಬ್ಬೂರು ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲೊಂದು. ರಾಗಿ, ತೆಂಗು, ಅಡಕೆಗಳನ್ನು ನಂಬಿ ಬಾಳುವ ಈ ಭಾಗದ ರೈತನೊಬ್ಬನು ತನ್ನ ಹೊಲದ ಅರ್ಧವನ್ನು ಮಾರಬೇಕಾಯಿತೆಂದು ಭಾವಿಸೋಣ. ಮೊದಲು ಭೂಮಾಪನ ಇಲಾಖೆಯ ‘ಮೋಜಿಣಿ’ ಎಂಬ ತಂತ್ರಾಂಶದಲ್ಲಿ ಆತನ ಅರ್ಜಿ ದಾಖಲಾಗಿ ಹನ್ನೊಂದು-ಇ ನಕ್ಷೆ ಸಿದ್ಧವಾಗಬೇಕು. ಬಳಿಕ ಮುದ್ರಾಂಕ ಮತ್ತು ನೋಂದಣಿ ಇಲಾಖೆಯ ‘ಕಾವೇರಿ’ಯಲ್ಲಿ ಕ್ರಯಪತ್ರವು ನೋಂದಣಿಯಾಗಬೇಕು, ಅದಕ್ಕೆ ಸಲ್ಲತಕ್ಕ ಹಣವು ‘ಖಜಾನೆ’ಯ ಮೂಲಕ ಸಂದಾಯವಾಗಬೇಕು. ಕಡೆಗೆ ಕಂದಾಯ ಇಲಾಖೆಯ ‘ಭೂಮಿ’ಯಲ್ಲಿ ಹಕ್ಕು ಬದಲಾವಣೆ ನಡೆದು ಹೊಸ ಹೆಸರಿನಲ್ಲಿ ಪಹಣಿ ಹೊರಬರಬೇಕು. ರೈತನ ಕಣ್ಣಿಗೆ ಇದು ಒಂದೇ ಕೆಲಸ. ಸರ್ಕಾರದ ಕಣ್ಣಿಗೆ ನಾಲ್ಕು. ಈ ನಾಲ್ಕೂ ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ಕೈಗಳಿಂದ ರಚಿತವಾದ ತಂತ್ರಾಂಶಗಳು. ಒಂದರ ಮಾತು ಇನ್ನೊಂದಕ್ಕೆ ತಲಪಿದರೆ ಮಾತ್ರ ಕೆಲಸ ಕೈಗೂಡುವುದು.

ಇಂದು ಗಣಕಶಾಸ್ತ್ರದಲ್ಲಿ ಬಹುವಾಗಿ ಚರ್ಚಿತವಾಗುತ್ತಿರುವ ಒಂದು ಪ್ರಶ್ನೆಗೂ ಹೆಬ್ಬೂರಿನ ಈ ರೈತನ ಅನುಭವಕ್ಕೂ ನಿಕಟವಾದ ಸಂಬಂಧವಿದೆ. ಒಂದೇ ಅಖಂಡ ರಚನೆಯಾಗಿ ಬೆಳೆದ ತಂತ್ರಾಂಶವನ್ನು ಸ್ವತಂತ್ರವಾದ ಅನೇಕ ಸಣ್ಣ ಸೇವೆಗಳಾಗಿ ಬಿಡಿಸುವುದು ಹೇಗೆ, ಬಿಡಿಸುವುದರಿಂದ ಲಾಭವೇನು, ನಷ್ಟವೇನು ಎಂಬುದೇ ಆ ಪ್ರಶ್ನೆ. ಅಖಂಡ ರಚನೆಯನ್ನು ಆ ಶಾಸ್ತ್ರದವರು ಮಾನೊಲಿಥ್ ಎನ್ನುತ್ತಾರೆ. ಆ ಮಾತಿಗೆ ಏಕಶಿಲೆ ಎಂದೇ ಅರ್ಥ. ಏಕಶಿಲಾ ಬೆಟ್ಟವೆಂದು ಹೆಸರಾದ ಮಧುಗಿರಿಯಿರುವ ನಮ್ಮ ಜಿಲ್ಲೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಡಿಸಿದ ಸಣ್ಣ ಭಾಗಗಳಿಗೆ ಮೈಕ್ರೋಸರ್ವಿಸ್ ಎಂಬ ಹೆಸರಿದೆ. ಈ ಲೇಖನದಲ್ಲಿ ಅವನ್ನು ಕಿರುಸೇವೆಗಳೆಂದು ಕರೆಯಲಾಗಿದೆ. ಕರ್ನಾಟಕದ ಭೂದಾಖಲೆಗಳ ಇತಿಹಾಸವನ್ನು ಈ ಪ್ರಶ್ನೆಯ ಬೆಳಕಿನಲ್ಲಿಯೂ, ಈ ಪ್ರಶ್ನೆಯನ್ನು ಆ ಇತಿಹಾಸದ ಬೆಳಕಿನಲ್ಲಿಯೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಅಖಂಡವಾದುದನ್ನು ಒಡೆಯುವಾಗ ಕಳೆದುಹೋಗುವುದು ಸಾಮಾನ್ಯವಾಗಿ ಅದರ ಭಾಗಗಳಲ್ಲ, ಭಾಗಗಳ ನಡುವಣ ಸಂಧಿಗಳು ಎಂಬುದನ್ನು ತೋರಿಸಲು ಇಲ್ಲಿ ಪ್ರಯತ್ನಿಸಲಾಗಿದೆ.

೨

ಮೊದಲು ಪ್ರಶ್ನೆಯ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ಏಕಶಿಲಾ ತಂತ್ರಾಂಶದಲ್ಲಿ ಎಲ್ಲ ಕಾರ್ಯಗಳೂ ಒಂದೇ ಕಾರ್ಯಕ್ರಮದೊಳಗೆ ಅಡಕವಾಗಿರುತ್ತವೆ. ಎಲ್ಲ ಮಾಹಿತಿಯೂ ಸಾಮಾನ್ಯವಾಗಿ ಒಂದೇ ದತ್ತಾಂಶ ಭಂಡಾರದಲ್ಲಿ ಇರುತ್ತದೆ. ಒಂದು ಮೂಲೆಯಲ್ಲಿ ಅಲ್ಪ ತಿದ್ದುಪಡಿ ಮಾಡಿದರೂ ಇಡೀ ಕಾರ್ಯಕ್ರಮವನ್ನು ಮತ್ತೆ ಪರೀಕ್ಷಿಸಿ ಮತ್ತೆ ಸ್ಥಾಪಿಸಬೇಕಾಗುತ್ತದೆ. ಕಿರುಸೇವೆಗಳ ಪದ್ಧತಿಯಲ್ಲಿ ಒಂದೊಂದು ಕಾರ್ಯಕ್ಕೂ ಒಂದೊಂದು ಪ್ರತ್ಯೇಕ ಕಾರ್ಯಕ್ರಮ, ಅದಕ್ಕೆ ಅದರದೇ ಭಂಡಾರ, ಅದಕ್ಕೆ ಹೊಣೆಯಾದ ಒಂದು ಸಣ್ಣ ತಂಡ. ಒಂದು ಸೇವೆಯ ಭಂಡಾರದೊಳಕ್ಕೆ ಇನ್ನೊಂದು ಸೇವೆ ಕೈಹಾಕುವಂತಿಲ್ಲ. ಬೇಕಾದುದನ್ನು ಜಾಲದ ಮೂಲಕ ಕೇಳಿ ಪಡೆಯಬೇಕು.

ಈ ವಿಚಾರ ಒಮ್ಮೆಗೇ ಹುಟ್ಟಿದ್ದಲ್ಲ. ಒಂದು ಸಂಸ್ಥೆ ರಚಿಸುವ ವ್ಯವಸ್ಥೆಯು ಆ ಸಂಸ್ಥೆಯೊಳಗಿನ ಮಾತುಕತೆಯ ಮಾರ್ಗಗಳನ್ನೇ ಹೋಲುತ್ತದೆ ಎಂದು ಮೆಲ್ವಿನ್ ಕಾನ್ವೇ ೧೯೬೮ರಲ್ಲಿ ಪ್ರತಿಪಾದಿಸಿದನು. ಕೆಲಸದ ಹಂತಗಳನ್ನು ಅನುಸರಿಸಿ ಭಾಗ ಮಾಡದೆ, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಣಯವನ್ನು ಒಂದೊಂದು ಘಟಕದೊಳಗೆ ಅಡಗಿಸಿಡುವಂತೆ ಭಾಗ ಮಾಡಬೇಕೆಂದು ಡೇವಿಡ್ ಪಾರ್ನಾಸ್ ೧೯೭೨ರಲ್ಲಿ ವಾದಿಸಿದನು. ೨೦೦೨ರ ಸುಮಾರಿನಲ್ಲಿ ಅಮೆಜಾನ್ ಸಂಸ್ಥೆಯು ತನ್ನ ತಂಡಗಳು ಪರಸ್ಪರ ಸೇವೆಗಳ ಮೂಲಕವೇ ವ್ಯವಹರಿಸಬೇಕೆಂದು ಕಟ್ಟುಮಾಡಿತು. ನೆಟ್‌ಫ್ಲಿಕ್ಸ್ ಸಂಸ್ಥೆಯಲ್ಲಿ ೨೦೦೮ರ ಆಗಸ್ಟ್ ತಿಂಗಳಲ್ಲಿ ದತ್ತಾಂಶ ಭಂಡಾರವೊಂದು ಕೆಟ್ಟು ಮೂರು ದಿನಗಳ ಕಾಲ ಗ್ರಾಹಕರಿಗೆ ಡಿವಿಡಿಗಳನ್ನು ಕಳುಹಿಸಲಾಗದೆ ಹೋಯಿತು. ಅಂದು ಆರಂಭವಾದ ಅದರ ಸ್ಥಾನಾಂತರವು ಪೂರ್ಣಗೊಂಡದ್ದು ೨೦೧೬ರ ಜನವರಿಯಲ್ಲಿ. ‘ಮೈಕ್ರೋಸರ್ವಿಸ್’ ಎಂಬ ಹೆಸರು ೨೦೧೧ರಲ್ಲಿ ವೆನಿಸ್ ಬಳಿ ಸೇರಿದ್ದ ತಜ್ಞರ ಗೋಷ್ಠಿಯೊಂದರಲ್ಲಿ ಬಳಕೆಗೆ ಬಂದು, ೨೦೧೪ರಲ್ಲಿ ಜೇಮ್ಸ್ ಲೂಯಿಸ್ ಮತ್ತು ಮಾರ್ಟಿನ್ ಫೌಲರ್ ಅವರ ಲೇಖನದಿಂದ ಪ್ರಸಿದ್ಧವಾಯಿತು. ಅಷ್ಟು ದೊಡ್ಡ ಸಂಸ್ಥೆಗೂ ಸ್ಥಾನಾಂತರಕ್ಕೆ ಏಳು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತೆಂಬುದನ್ನು ಇಲ್ಲಿ ನೆನಪಿನಲ್ಲಿಡತಕ್ಕದ್ದು.

ಹೆಸರು ಹೊಸದಾದರೂ ಸಮಸ್ಯೆ ಹೊಸದಲ್ಲ. ಆಡಳಿತವೂ ಮಾಹಿತಿಯನ್ನು ಸಂಗ್ರಹಿಸಿ, ನಿಯಮದಂತೆ ಪರಿವರ್ತಿಸಿ, ಮುಂದಕ್ಕೆ ಸಾಗಿಸುವ ಒಂದು ಯಂತ್ರವೇ ಆಗಿರುವುದರಿಂದ ಅದನ್ನು ಒಡೆದ ಅನುಭವ ನಮ್ಮ ನಾಡಿನಲ್ಲಿ ಮೂರು ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತದೆ.

೩

ಮೈಸೂರಿನ ಚಿಕ್ಕದೇವರಾಜ ಒಡೆಯರು ೧೬೭೩ರಿಂದ ೧೭೦೪ರವರೆಗೆ ಆಳಿದರು. ತುಮಕೂರು ಸೀಮೆಯ ಬಹುಭಾಗವು ಮೈಸೂರಿಗೆ ಸೇರಿದ್ದು ಅವರ ಕಾಲದಲ್ಲಿಯೇ. ಔರಂಗಜೇಬನ ಆಸ್ಥಾನಕ್ಕೆ ಅವರು ಕಳುಹಿಸಿದ್ದ ನಿಯೋಗವು ೧೭೦೦ರ ಹೊತ್ತಿಗೆ ಹಿಂದಿರುಗಿದ ಮೇಲೆ ರಾಜ್ಯದ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಲಾಯಿತೆಂದು ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಇದೇ ಪ್ರಸಿದ್ಧವಾದ ‘ಅಠಾರಾ ಕಚೇರಿ’. ಸುಂಕದ ಚಾವಡಿ, ಕಂದಾಚಾರ, ದೇವಸ್ಥಾನದ ಚಾವಡಿ, ಹೊಗೆಸೊಪ್ಪಿನ ಚಾವಡಿ, ಬೆಣ್ಣೆ ಚಾವಡಿ, ಬೇಹಿನ ಚಾವಡಿ ಮುಂತಾದವು ಅದರೊಳಗಿನ ಅಂಗಗಳು.

ಈ ವಿಂಗಡಣೆಯಲ್ಲಿ ಎರಡು ಬಗೆಯ ತತ್ತ್ವಗಳು ಬೆರೆತಿರುವುದನ್ನು ಗಮನಿಸಬೇಕು. ಮೈಸೂರು ಹೋಬಳಿ ವಿಚಾರದ ಚಾವಡಿಯು ಕಾವೇರಿಯ ದಕ್ಷಿಣದ ಪ್ರಾಂತಕ್ಕೂ, ಪಟ್ಟಣ ಹೋಬಳಿ ವಿಚಾರದ ಚಾವಡಿಯು ಕಾವೇರಿಯ ಉತ್ತರದ ಪ್ರಾಂತಕ್ಕೂ ಸಂಬಂಧಿಸಿದ್ದವು. ಇವೆರಡರ ಕೆಲಸ ಒಂದೇ, ಪ್ರದೇಶ ಮಾತ್ರ ಬೇರೆ. ಸುಂಕ, ಹೊಗೆಸೊಪ್ಪು, ಬೆಣ್ಣೆ ಮುಂತಾದ ಚಾವಡಿಗಳಾದರೋ ಕೆಲಸದ ಸ್ವರೂಪವನ್ನು ಅನುಸರಿಸಿದವು. ಪ್ರದೇಶವನ್ನು ಅನುಸರಿಸಿ ಹಂಚುವುದೆಂದರೆ ಒಂದೇ ಶಿಲೆಯ ಎರಡು ಪ್ರತಿಕೃತಿಗಳನ್ನು ನಿಲ್ಲಿಸುವುದು. ಅದರಿಂದ ಭಾರ ಹಗುರವಾದೀತೇ ಹೊರತು ಒಳಗಿನ ಜಟಿಲತೆ ಬಗೆಹರಿಯದು. ಕೆಲಸವನ್ನು ಅನುಸರಿಸಿ ಹಂಚುವುದೆಂದರೆ ಶಿಲೆಯನ್ನೇ ಬಿಡಿಸುವುದು. ಈ ಭೇದವು ಮುಂದಿನ ವಿವೇಚನೆಗೆ ಅಗತ್ಯವಾದದ್ದು.

ಕೆಲಸದ ಸ್ವರೂಪವನ್ನು ಸರಿಯಾಗಿ ಹಿಡಿದ ವಿಭಾಗವು ಎಷ್ಟು ಕಾಲ ಬಾಳಬಲ್ಲದೆಂಬುದಕ್ಕೆ ಬೆಣ್ಣೆ ಚಾವಡಿಯೇ ಸಾಕ್ಷಿ. ಅರಮನೆಯ ಹಸುಗಳನ್ನೂ ಅವುಗಳ ಕಾವಲುಗಳನ್ನೂ ನೋಡಿಕೊಳ್ಳುತ್ತಿದ್ದ ಈ ಚಾವಡಿಗೆ ಟಿಪ್ಪೂ ಸುಲ್ತಾನನು ಅಮೃತಮಹಲ್ ಎಂದು ಹೆಸರಿಟ್ಟನು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಅದು ಉಳಿಯಿತು. ರಾಜರು ಬದಲಾದರು, ಹೆಸರು ಬದಲಾಯಿತು. ದನ, ಕಾವಲು, ಮೇವು ಎಂಬ ಕೆಲಸದ ಎಲ್ಲೆ ಬದಲಾಗಲಿಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವೂ, ನಮ್ಮ ಜಿಲ್ಲೆಯ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೇಂದ್ರವೂ ಆ ಪರಂಪರೆಯ ಕುಡಿಗಳು.

ಇನ್ನು ಬೇಹಿನ ಚಾವಡಿಯ ವಿಷಯ. ಅಂಚೆಯನ್ನು ಸಾಗಿಸುವುದೂ ಸುದ್ದಿಯನ್ನು ತಿಳಿದು ವರದಿ ಮಾಡುವುದೂ ಅದರ ಕೆಲಸವಾಗಿತ್ತು. ಹದಿನೆಂಟು ಚಾವಡಿಗಳನ್ನು ಏರ್ಪಡಿಸಿದವರು ಅವುಗಳಲ್ಲೊಂದನ್ನು ಸುದ್ದಿಗೆಂದೇ ಮೀಸಲಿಟ್ಟದ್ದು ಆಕಸ್ಮಿಕವೆಂದು ತೋರುವುದಿಲ್ಲ. ಅಧಿಕಾರವನ್ನು ಹಂಚಿದಷ್ಟೂ ಹಂಚಿದವುಗಳ ನಡುವಣ ಸಮಾಚಾರವೇ ಒಂದು ಪ್ರತ್ಯೇಕ ಹೊಣೆಯಾಗಿ ಪರಿಣಮಿಸುತ್ತದೆ.

೪

ರಾಜಧಾನಿಯಲ್ಲಿ ಚಾವಡಿಗಳು ಎಷ್ಟೇ ಇದ್ದರೂ ಹಳ್ಳಿಯಲ್ಲಿ ಬಹುಮಟ್ಟಿಗೆ ಎಲ್ಲವೂ ಶಾನುಭೋಗನೊಬ್ಬನಲ್ಲಿ ಬಂದು ಕೂಡುತ್ತಿದ್ದವು. ಯಾರ ಜಮೀನು ಎಷ್ಟು, ಅದರ ಕಂದಾಯವೆಷ್ಟು, ಈ ವರ್ಷ ಏನು ಬೆಳೆಯಿತು, ಯಾರು ಬಾಕಿ, ಯಾರು ತೀರಿಕೊಂಡರು, ಅವರ ಮಕ್ಕಳು ಯಾರು, ಅಣ್ಣತಮ್ಮಂದಿರಲ್ಲಿ ಪಾಲಾಗಿದೆಯೇ ಇಲ್ಲವೇ ಎಂಬುದೆಲ್ಲವೂ ಆತನ ಲೆಕ್ಕದಲ್ಲಿಯೋ ನೆನಪಿನಲ್ಲಿಯೋ ಇರುತ್ತಿತ್ತು. ಕ್ರಯಪತ್ರಗಳ ನೋಂದಣಿಯೊಂದು ಮಾತ್ರ ಬೇರೆ ಇಲಾಖೆಗೆ ಸೇರಿದ್ದಿತು. ಗಣಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಶಾನುಭೋಗಿಕೆಯು ಪರಿಪೂರ್ಣವಾದ ಏಕಶಿಲೆ.

ಅದರ ಗುಣವನ್ನೂ ದೋಷವನ್ನೂ ಪಕ್ಷಪಾತವಿಲ್ಲದೆ ತೂಗಬೇಕು. ಎಲ್ಲವೂ ಒಂದೇ ಕೈಯಲ್ಲಿದ್ದುದರಿಂದ ಲೆಕ್ಕಲೆಕ್ಕಗಳ ನಡುವೆ ವಿರೋಧಕ್ಕೆ ಅವಕಾಶ ಕಡಿಮೆ. ಸತ್ತವನ ಹೆಸರಿನಲ್ಲಿ ಖಾತೆಯಿದೆಯೆಂಬುದನ್ನು ಆತನಿಗೆ ಬೇರೊಬ್ಬರು ತಿಳಿಸಬೇಕಾಗಿರಲಿಲ್ಲ. ಊರಿನ ಸಾವು ಆತನಿಗೆ ಗೊತ್ತೇ ಇರುತ್ತಿತ್ತು. ಆದರೆ ಎಲ್ಲವೂ ಒಂದೇ ಕೈಯಲ್ಲಿದ್ದುದೇ ಅದರ ದೋಷವೂ ಆಗಿತ್ತು. ಆ ಕೈ ತಪ್ಪಿದರೆ ತಿದ್ದುವವರಿಲ್ಲ. ಆ ಕೈ ಕೊಡದಿದ್ದರೆ ಬೇರೆ ಕಡೆ ಪಡೆಯುವಂತಿಲ್ಲ. ಹುದ್ದೆಯು ವಂಶಪಾರಂಪರ್ಯವಾಗಿದ್ದುದರಿಂದ ಜಾತಿ, ಸ್ಥಾನ, ಸಾಲಗಳ ಬಲವು ಲೆಕ್ಕದ ಬಲದೊಡನೆ ಸೇರಿಕೊಳ್ಳುತ್ತಿತ್ತು. ಓದಲಾರದ ರೈತನಿಗೆ ತನ್ನ ಹೊಲದ ದಾಖಲೆ ಏನು ಹೇಳುತ್ತದೆಂಬುದು ಶಾನುಭೋಗನ ಬಾಯಿಂದಲೇ ತಿಳಿಯಬೇಕಾಗಿತ್ತು.

ಈ ಪದ್ಧತಿಯನ್ನು ೧೯೬೧ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಕೊನೆಗಾಣಿಸಿತು. ಕಾಯಿದೆ ಜಾರಿಗೆ ಬಂದದ್ದು ೧೯೬೩ರ ಫೆಬ್ರವರಿ ೧ರಂದು. ಶಾನುಭೋಗನ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗನು ಬಂದನು. ೧೯೬೪ರ ಭೂಕಂದಾಯ ಕಾಯಿದೆಯು ಹಕ್ಕುದಾಖಲೆಯನ್ನೂ ಹಕ್ಕು ಬದಲಾವಣೆಯ ವಹಿಯನ್ನೂ ಕ್ರಮಪಡಿಸಿತು. ಆದರೆ ಹುದ್ದೆಯ ಸ್ವರೂಪ ಬದಲಾಯಿತೇ ಹೊರತು ಅದರ ಅಖಂಡತೆ ಅಳಿಯಲಿಲ್ಲ. ಮೂರು ನಾಲ್ಕು ಗ್ರಾಮಗಳಿಗೆ ಒಬ್ಬನಂತೆ ರಾಜ್ಯದಲ್ಲಿ ಸುಮಾರು ೯,೦೦೦ ಗ್ರಾಮಲೆಕ್ಕಿಗರಿದ್ದರು; ಪಹಣಿಯ ನಕಲು ಬೇಕಾದ ರೈತನು ಅವರನ್ನೇ ಹುಡುಕಿಕೊಂಡು ಹೋಗಬೇಕಾಗಿತ್ತು.

೫

‘ಭೂಮಿ’ ಯೋಜನೆಯ ಮಹತ್ವವು ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ರಾಷ್ಟ್ರೀಯ ಮಾಹಿತಿ ಕೇಂದ್ರದ ಬೆಂಗಳೂರು ಶಾಖೆಯು ರಚಿಸಿದ ತಂತ್ರಾಂಶವನ್ನು ಆಧರಿಸಿ, ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ೨೦೦೦ದ ನಂತರದ ಒಂದೆರಡು ವರ್ಷಗಳಲ್ಲಿ ಸುಮಾರು ೬೭ ಲಕ್ಷ ಭೂಮಾಲೀಕರ ೨ ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಪಹಣಿಯ ನಕಲಿಗೆ ಆಗ ನಿಗದಿಯಾದ ಶುಲ್ಕ ೧೫ ರೂಪಾಯಿ. ನೌಕರನು ಬೆರಳಚ್ಚು ನೀಡಿಯೇ ತಂತ್ರಾಂಶವನ್ನು ಪ್ರವೇಶಿಸಬೇಕು, ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಇತ್ಯರ್ಥಪಡಿಸಬೇಕು ಎಂಬ ನಿಯಮಗಳನ್ನು ತಂತ್ರಾಂಶದೊಳಗೇ ಹುದುಗಿಸಲಾಯಿತು.

ಮೊದಲ ಹಂತದ ‘ಭೂಮಿ’ಯು ರಚನೆಯಲ್ಲಿ ಕಿರುಸೇವೆಯಾಗಿರಲಿಲ್ಲ. ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಒಂದು ಸರ್ವರ್, ಅದರಲ್ಲಿ ಆ ತಾಲ್ಲೂಕಿನ ಸಮಸ್ತ ದಾಖಲೆ. ಮೇಲೆ ಹೇಳಿದ ಎರಡು ತತ್ತ್ವಗಳಲ್ಲಿ ಇದು ಮೊದಲನೆಯದು, ಎಂದರೆ ಪ್ರದೇಶಾನುಸಾರಿಯಾದ ಹಂಚಿಕೆ. ಒಂದೇ ಶಿಲೆಯು ತಾಲ್ಲೂಕುಗಳಷ್ಟು ಬಾರಿ ನಿಂತಂತಾಯಿತು. ಮುಂದೆ ಈ ದಾಖಲೆಗಳು ರಾಜ್ಯದ ದತ್ತಾಂಶ ಕೇಂದ್ರಕ್ಕೆ ಸ್ಥಳಾಂತರಗೊಂಡವು. ಇದೇ ಕಾಲದಲ್ಲಿ ನೆರೆಯ ಇಲಾಖೆಗಳೂ ತಮ್ಮ ತಮ್ಮ ತಂತ್ರಾಂಶಗಳನ್ನು ಕಟ್ಟಿಕೊಂಡವು. ಪುಣೆಯ ಸಿ-ಡ್ಯಾಕ್ ಸಂಸ್ಥೆ ರಚಿಸಿದ ‘ಕಾವೇರಿ’ ೨೦೦೩ರಲ್ಲಿ ಉಪನೋಂದಣಿ ಕಚೇರಿಗಳಿಗೆ ಬಂದಿತು. ಜಾಲಾಧಾರಿತವಾದ ‘ಕಾವೇರಿ ೨.೦’ ೨೦೨೩ರಲ್ಲಿ ಅದರ ಸ್ಥಾನವನ್ನು ಪಡೆಯಿತು. ಭೂಮಾಪನಕ್ಕೆ ‘ಮೋಜಿಣಿ’, ಗ್ರಾಮಪಂಚಾಯಿತಿಯ ಆಸ್ತಿಗಳಿಗೆ ‘ಇ-ಸ್ವತ್ತು’, ರೈತರ ಗುರುತಿನ ನೋಂದಣಿಗೆ ‘ಫ್ರೂಟ್ಸ್’, ಬೆಳೆನಷ್ಟದ ಪರಿಹಾರಕ್ಕೆ ‘ಪರಿಹಾರ’ ಎಂಬ ತಂತ್ರಾಂಶಗಳು ಒಂದೊಂದಾಗಿ ಸೇರಿದವು. ಇವು ತಮ್ಮಷ್ಟಕ್ಕೆ ಕಿರಿದಾದವುಗಳಲ್ಲ. ಆದರೆ ಪ್ರತ್ಯೇಕ ಭಂಡಾರ, ಪ್ರತ್ಯೇಕ ಹೊಣೆ, ಸಂದೇಶದ ಮೂಲಕ ವ್ಯವಹಾರ ಎಂಬ ಮೂರು ಲಕ್ಷಣಗಳಲ್ಲಿ ಇವುಗಳ ಸಮುದಾಯವು ಕಿರುಸೇವೆಗಳ ಸಮುದಾಯದ ಜಾತಿಗೇ ಸೇರುತ್ತದೆ. ಹೋಬಳಿ ಮಟ್ಟದಲ್ಲಿ ೨೦೧೨ರ ಡಿಸೆಂಬರಿನಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರವಾಗಿ ಕೆಲಸಮಾಡುತ್ತ ಬಂದ ನಾಡಕಚೇರಿಯು ಈ ಸಮುದಾಯಕ್ಕೆ ಒಂದು ಮುಂಬಾಗಿಲಿನಂತೆ ಇದೆ.

ಈ ಸೇವೆಗಳ ಎಲ್ಲೆಗಳನ್ನು ಗುರುತಿಸಿದವರು ಯಾರು? ತಂತ್ರಜ್ಞರಲ್ಲ. ೧೯೦೮ರ ನೋಂದಣಿ ಕಾಯಿದೆಯು ದಸ್ತಾವೇಜನ್ನು ನೋಂದಾಯಿಸುವ ಅಧಿಕಾರವನ್ನು ಒಂದು ಇಲಾಖೆಗೆ ಕೊಟ್ಟಿತ್ತು. ೧೯೬೪ರ ಭೂಕಂದಾಯ ಕಾಯಿದೆಯು ಹಕ್ಕುದಾಖಲೆಯನ್ನು ಇಡುವ ಅಧಿಕಾರವನ್ನು ಇನ್ನೊಂದಕ್ಕೆ ಕೊಟ್ಟಿತು. ಅಳೆಯುವ ಅಧಿಕಾರ ಭೂಮಾಪನದವರಲ್ಲಿ ಉಳಿಯಿತು. ತಂತ್ರಾಂಶಗಳು ಈ ಗೆರೆಗಳನ್ನೇ ಅನುಸರಿಸಿದವು. ಕಾನ್ವೇ ೧೯೬೮ರಲ್ಲಿ ಹೇಳಿದ ಮಾತಿಗೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ದೊರೆಯುವುದು ಕಷ್ಟ.

೬

ಎಲ್ಲೆಗಳು ಹೀಗೆ ಇತಿಹಾಸದಿಂದ ಬಂದವುಗಳಾದ ಮೇಲೆ ಸಂಧಿಗಳನ್ನು ಕಟ್ಟುವುದೇ ಮುಖ್ಯವಾದ ಕಾರ್ಯವಾಗುತ್ತದೆ. ಇದಕ್ಕೆ ಎರಡು ಉದಾಹರಣೆಗಳನ್ನು ಪರಿಶೀಲಿಸಬಹುದು.

ಮೊದಲನೆಯದು ಜೆ-ಸ್ಲಿಪ್. ಕೃಷಿಭೂಮಿಯ ಕ್ರಯಪತ್ರ ನೋಂದಣಿಯಾದೊಡನೆ ಉಪನೋಂದಣಾಧಿಕಾರಿಯು ಆ ಸಂಗತಿಯನ್ನು ಕಂದಾಯದವರಿಗೆ ತಿಳಿಸುವ ಚೀಟಿ ಇದು. ಕಾಗದದ ಕಾಲದಲ್ಲಿ ಈ ಚೀಟಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಕೈಯಿಂದ ಕೈಗೆ ಹೋಗಬೇಕಾಗಿತ್ತು. ದಾರಿಯಲ್ಲಿ ಅದು ತಡವಾದರೆ ಅಥವಾ ತಪ್ಪಿಹೋದರೆ ಹಣ ಕೊಟ್ಟವನು ಪತ್ರದಲ್ಲಿ ಒಡೆಯ, ಪಹಣಿಯಲ್ಲಿ ಅಪರಿಚಿತ. ಮಾರಿದವನ ಹೆಸರು ಪಹಣಿಯಲ್ಲಿ ಉಳಿದಿರುವವರೆಗೆ ಅದೇ ಭೂಮಿಯ ಮೇಲೆ ಸಾಲವೆತ್ತುವುದಕ್ಕೂ ಇನ್ನೊಬ್ಬರಿಗೆ ತೋರಿಸುವುದಕ್ಕೂ ಅವಕಾಶವಿತ್ತು. ‘ಕಾವೇರಿ’ ಮತ್ತು ‘ಭೂಮಿ’ಗಳನ್ನು ಜೋಡಿಸಿ ಈ ಚೀಟಿಯನ್ನು ಜಾಲದ ಮೂಲಕ ಕಳುಹಿಸುವ ಏರ್ಪಾಟಾದುದು ಈ ಕಾರಣದಿಂದ ಬಹುದೊಡ್ಡ ಸುಧಾರಣೆ. ನೋಂದಣಿಗೆ ಮುನ್ನ ಪಹಣಿಯಲ್ಲಿ ಮಾರುವವನ ಹೆಸರಿದೆಯೇ ಎಂಬುದನ್ನು ‘ಭೂಮಿ’ಯಿಂದಲೇ ನೋಡಿಕೊಳ್ಳುವುದು ಇದರಿಂದ ಸಾಧ್ಯವಾಯಿತು.

ಆದರೂ ನೋಂದಣಿಯೂ ಹಕ್ಕು ಬದಲಾವಣೆಯೂ ಏಕಕಾಲದಲ್ಲಿ ನಡೆಯುವುದಿಲ್ಲ. ನಡುವೆ ಆಕ್ಷೇಪಣೆಗೆ ಕಾಲಾವಕಾಶವಿದೆ. ತಕರಾರು ಬಂದರೆ ವಿಚಾರಣೆ. ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಇಷ್ಟು ಕಾಲವೂ ಎರಡು ಭಂಡಾರಗಳು ಎರಡು ಮಾತುಗಳನ್ನು ಹೇಳುತ್ತಿರುತ್ತವೆ. ಏಕಶಿಲೆಯಲ್ಲಿ ಒಂದು ವ್ಯವಹಾರವು ಪೂರ್ತಿಯಾಗಿ ನಡೆಯುತ್ತದೆ, ಇಲ್ಲವೆ ನಡೆಯುವುದೇ ಇಲ್ಲ. ಹಂಚಿದ ವ್ಯವಸ್ಥೆಯಲ್ಲಿ ಅರ್ಧ ನಡೆದ ಸ್ಥಿತಿಯೂ ಒಂದು ಸ್ಥಿತಿಯೇ. ಹೀಗೆ ಹಂತಹಂತವಾಗಿ ನಡೆದು, ಮಧ್ಯದಲ್ಲಿ ತಡೆಯುಂಟಾದರೆ ಹಿಂದಿನ ಹಂತಗಳಿಗೆ ಪ್ರತಿಕ್ರಿಯೆಗಳನ್ನು ವಿಧಿಸುವ ವ್ಯವಹಾರಕ್ಕೆ ಗಾರ್ಸಿಯಾ-ಮೊಲಿನಾ ಮತ್ತು ಸೇಲಂ ಎಂಬ ವಿದ್ವಾಂಸರು ೧೯೮೭ರಲ್ಲಿ ‘ಸಾಗಾ’ ಎಂದು ಹೆಸರಿಟ್ಟರು. ಭೂಕಂದಾಯ ಕಾಯಿದೆಯ ನೋಟೀಸು, ಆಕ್ಷೇಪಣೆ, ಮೇಲ್ಮನವಿಗಳು ಅದಕ್ಕಿಂತ ಮೊದಲೇ ಆ ಕೆಲಸವನ್ನು ಮಾಡುತ್ತಿದ್ದವೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು.

ಎರಡನೆಯ ಉದಾಹರಣೆ ಪೌತಿ ಖಾತೆ. ಖಾತೆದಾರನು ತೀರಿಕೊಂಡರೆ ಆತನ ಮರಣವು ಜನನ-ಮರಣ ನೋಂದಣಿಯ ‘ಇ-ಜನ್ಮ’ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಅಷ್ಟು ಮಾತ್ರದಿಂದ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ. ವಾರಸುದಾರರು ಮರಣಪತ್ರವನ್ನೂ ವಂಶವೃಕ್ಷವನ್ನೂ ತಂದು ಅರ್ಜಿ ಸಲ್ಲಿಸಬೇಕು. ಅರ್ಜಿ ಬಾರದಿದ್ದರೆ ತಂದೆಯ, ಎಷ್ಟೋ ವೇಳೆ ತಾತನ ಹೆಸರಿನಲ್ಲಿಯೇ ಪಹಣಿ ಮುಂದುವರಿಯುತ್ತದೆ. ಅಂಥ ಹೊಲವನ್ನು ಉಳುವ ಮಗನಿಗಾಗಲಿ, ವಿಧವೆಗಾಗಲಿ ತಮ್ಮ ಹೆಸರಿನಲ್ಲಿ ಪಹಣಿಯಿಲ್ಲದೆ ಬೆಳೆಸಾಲ ದೊರೆಯುವುದೂ ಬೆಳೆನಷ್ಟದ ಪರಿಹಾರ ಬರುವುದೂ ಕಷ್ಟ. ‘ಪರಿಹಾರ’ವು ‘ಫ್ರೂಟ್ಸ್’ ಅನ್ನು ಕೇಳುತ್ತದೆ, ‘ಫ್ರೂಟ್ಸ್’ ‘ಭೂಮಿ’ಯನ್ನು ಕೇಳುತ್ತದೆ, ‘ಭೂಮಿ’ ಸತ್ತವನ ಹೆಸರನ್ನು ಹೇಳುತ್ತದೆ. ಇಲ್ಲಿ ಯಾವ ಸೇವೆಯೂ ತಪ್ಪು ಮಾಡಿಲ್ಲ. ಪ್ರತಿಯೊಂದೂ ತನಗೆ ಗೊತ್ತಿರುವುದನ್ನು ಸರಿಯಾಗಿಯೇ ಹೇಳಿದೆ.

ಇದರಲ್ಲಿ ವಿಚಾರ ಮಾಡಬೇಕಾದ ಅಂಶವೊಂದಿದೆ. ಗ್ರಾಮಲೆಕ್ಕಿಗರು ಪಹಣಿಯನ್ನು ಬರೆಯುತ್ತಿದ್ದಂತೆ ಗ್ರಾಮಾಂತರದ ಜನನ-ಮರಣ ನೋಂದಣಿಯನ್ನೂ ಮಾಡುತ್ತಿದ್ದರು. ಎರಡು ವಹಿಗಳೂ ಒಬ್ಬನ ಕೈಯಲ್ಲಿದ್ದಾಗ ಅವೆರಡರ ನಡುವಣ ಸಂಬಂಧವನ್ನು ಯಾರೂ ಬರೆದಿಡಬೇಕಾಗಿರಲಿಲ್ಲ. ಅದು ಆ ವ್ಯಕ್ತಿಯ ತಿಳಿವಳಿಕೆಯಲ್ಲಿ ಇತ್ತು. ವಹಿಗಳೆರಡೂ ಎರಡು ತಂತ್ರಾಂಶಗಳಾದಾಗ ಎರಡೂ ಜೋಪಾನವಾಗಿ ದಾಟಿದವು, ತಿಳಿವಳಿಕೆ ಮಾತ್ರ ಹಿಂದೆ ಉಳಿಯಿತು. ಬರೆಯದೆ ಇದ್ದುದನ್ನು ನಕಲು ಮಾಡುವುದು ಹೇಗೆ?

ಸಕಾಲ ಕಾಯಿದೆಯ ಅನುಭವವೂ ಇದನ್ನೇ ಸೂಚಿಸುತ್ತದೆ. ೨೦೧೧ರ ಈ ಕಾಯಿದೆಯು ೨೦೧೨ರ ಏಪ್ರಿಲಿನಿಂದ ಜಾರಿಗೆ ಬಂದು ಒಂದೊಂದು ಸೇವೆಗೂ ಒಂದೊಂದು ಅವಧಿಯನ್ನೂ ಒಬ್ಬ ಹೊಣೆಗಾರನನ್ನೂ ಗೊತ್ತುಮಾಡಿತು. ಇದು ಸ್ತುತ್ಯವಾದ ಕ್ರಮ. ಆದರೆ ಅವಧಿಯ ಎಣಿಕೆಯು ಸೇವೆಸೇವೆಗೆ ಪ್ರತ್ಯೇಕ. ಒಂದು ಸೇವೆಯ ಕೊನೆಯಿಂದ ಇನ್ನೊಂದರ ಆರಂಭದವರೆಗೆ ನಡುವೆ ಬೀಳುವ ದಿನಗಳಿಗೆ ಹೊಣೆಗಾರನಿಲ್ಲ.

೭

ಸ್ಥಾನಾಂತರದ ಕ್ರಮವೆಂತು ಎಂಬುದು ಇನ್ನು ಉಳಿದ ಪ್ರಶ್ನೆ. ಇಡೀ ಹಳೆಯ ವ್ಯವಸ್ಥೆಯನ್ನು ಒಂದೇ ದಿನ ಕೆಡವಿ ಹೊಸದನ್ನು ನಿಲ್ಲಿಸುವ ಸಾಹಸವು ಬಹುಪಾಲು ಅನಾಹುತಕ್ಕೆ ದಾರಿ. ಮಾರ್ಟಿನ್ ಫೌಲರ್ ೨೦೦೪ರಲ್ಲಿ ಸೂಚಿಸಿದ ಕ್ರಮ ಬೇರೆ. ಆಸ್ಟ್ರೇಲಿಯಾದ ಕಾಡಿನಲ್ಲಿ ಆಲದ ಜಾತಿಯ ಮರಗಳು ಬೇರೆ ಮರದ ಮೇಲೆ ಹುಟ್ಟಿ, ಬೇರಿಳಿಸಿ, ಕ್ರಮೇಣ ಅದನ್ನು ಆವರಿಸಿ ತಾವೇ ನಿಲ್ಲುವುದನ್ನು ಕಂಡು ಆತ ಈ ಕ್ರಮಕ್ಕೆ ಆ ಮರದ ಹೆಸರನ್ನೇ ಇಟ್ಟನು. ಹಕ್ಕಿ ತಂದ ಬೀಜದಿಂದ ಈಚಲ ಮರದ ಸುಳಿಯಲ್ಲಿ ಆಲವೋ ಅರಳಿಯೋ ಚಿಗುರುವುದನ್ನು ನಮ್ಮ ಬಯಲುಸೀಮೆಯವರೂ ಬಲ್ಲರು. ಹಳೆಯದರ ಮೇಲೆ ಹೊಸದು ಒಂದೊಂದೇ ಕೆಲಸವನ್ನು ವಹಿಸಿಕೊಳ್ಳುತ್ತ ಬಂದು, ಹಳೆಯದಕ್ಕೆ ಕೆಲಸವೇ ಉಳಿಯದಾದಾಗ ಅದನ್ನು ತೆಗೆಯುವುದೇ ಇದರ ತಿರುಳು.

‘ಭೂಮಿ’ಯೂ ಒಮ್ಮೆಗೇ ರಾಜ್ಯವನ್ನೆಲ್ಲ ಆವರಿಸಲಿಲ್ಲ, ತಾಲ್ಲೂಕು ತಾಲ್ಲೂಕಾಗಿ ಹಬ್ಬಿತು. ಆದರೆ ಒಂದು ತಾಲ್ಲೂಕಿನಲ್ಲಿ ಅದು ನೆಲೆಗೊಂಡ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯನ್ನು ನಿಲ್ಲಿಸಲಾಯಿತು. ಈ ನಿರ್ಧಾರವು ತಂತ್ರಾಂಶದಷ್ಟೇ ಮುಖ್ಯವಾದದ್ದು. ಎರಡು ಪಹಣಿಗಳೂ ಊರ್ಜಿತವಾಗಿದ್ದ ಪಕ್ಷದಲ್ಲಿ ಯಾವುದು ನಿಜವೆಂಬ ವ್ಯಾಜ್ಯವೇ ಹಳ್ಳಿಹಳ್ಳಿಗಳಲ್ಲಿ ಎದ್ದೀತು. ಸ್ಥಾನಾಂತರವು ನಿಧಾನವಾಗಿರಬಹುದು, ಒಂದು ಸಂಗತಿಗೆ ಒಂದು ಕಾಲದಲ್ಲಿ ಎರಡು ಪ್ರಮಾಣಗಳಿರಬಾರದು. ಅಲ್ಲದೆ, ಕೈಬರಹದ ಪಹಣಿಯಲ್ಲಿದ್ದ ತಪ್ಪುಗಳು ಗಣಕಕ್ಕೂ ಬಂದವು; ನಮೂದಿಸುವಾಗ ಹೊಸವೂ ಸೇರಿದವು. ಪಹಣಿ ತಿದ್ದುಪಡಿಗೆಂದು ಅನಂತರ ನಡೆದ ಅದಾಲತ್ತುಗಳು ಈ ಸಾಲದ ತೀರುವಳಿಗಳೇ ಆಗಿದ್ದವು.

ಕಿರುಸೇವೆಗಳೇ ಸರ್ವರೋಗಕ್ಕೂ ಮದ್ದೆಂದು ತಿಳಿಯಬಾರದು. ಸೆಗ್ಮೆಂಟ್ ಎಂಬ ಅಮೆರಿಕದ ಸಂಸ್ಥೆ ೧೪೦ಕ್ಕೂ ಹೆಚ್ಚು ಕಿರುಸೇವೆಗಳನ್ನು ನಿಭಾಯಿಸಲಾರದೆ ಅವನ್ನು ಮತ್ತೆ ಒಂದುಗೂಡಿಸಿದ ವೃತ್ತಾಂತವನ್ನು ೨೦೧೮ರಲ್ಲಿ ಪ್ರಕಟಿಸಿತು. ಅಮೆಜಾನಿನದೇ ಪ್ರೈಮ್ ವಿಡಿಯೋ ತಂಡವು ದೃಶ್ಯಗಳ ಗುಣಪರೀಕ್ಷೆಯ ತನ್ನ ಒಂದು ಉಪಕರಣವನ್ನು ಬಿಡಿಭಾಗಗಳಿಂದ ಅಖಂಡ ರಚನೆಗೆ ತಂದು ವೆಚ್ಚವನ್ನು ಶೇಕಡಾ ೯೦ರಷ್ಟು ತಗ್ಗಿಸಿದುದಾಗಿ ೨೦೨೩ರಲ್ಲಿ ತಿಳಿಸಿತು. ಜೋಡಣೆಗಳು ಹೆಚ್ಚಿದಷ್ಟೂ ಒಂದರ ಕುಂದು ಇತರವುಗಳಿಗೆ ತಟ್ಟುವುದೂ ಹೆಚ್ಚುತ್ತದೆ. ೨೦೨೫ರ ಆರಂಭದಲ್ಲಿ ದುರುದ್ದೇಶದ ಕೋರಿಕೆಗಳ ದಾಳಿಯಿಂದ ‘ಕಾವೇರಿ ೨.೦’ ಕುಂಠಿತವಾದಾಗ ರಾಜ್ಯಾದ್ಯಂತ ನೋಂದಣಿಗೆ ಅಡಚಣೆಯಾಯಿತು. ನೋಂದಣಿ ನಿಂತರೆ ಅದನ್ನು ಅವಲಂಬಿಸಿದ ಹಕ್ಕು ಬದಲಾವಣೆಯೂ ಮುಂದೆ ಸಾಗದು. ‘ಸರ್ವರ್ ಇಲ್ಲ’ ಎಂಬ ಮಾತನ್ನು ಕೇಳಿ ಹಿಂದಿರುಗುವ ರೈತನಿಗೆ ಯಾವ ಸರ್ವರ್ ಇಲ್ಲವೆಂಬುದು ತಿಳಿಯದು. ಆತನ ಎದುರಿಗೆ ಕುಳಿತಿರುವ ನೌಕರನಿಗೂ ಹಲವು ವೇಳೆ ತಿಳಿಯದು.

೮

ಇದುವರೆಗಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಒಂದನೆಯದಾಗಿ, ಅಖಂಡ ವ್ಯವಸ್ಥೆಯನ್ನು ಬಿಡಿಸುವ ಮೊದಲು ಒಂದೊಂದು ಸಂಗತಿಗೂ ಕೊನೆಯ ಮಾತು ಯಾರದೆಂಬುದನ್ನು ಗೊತ್ತುಮಾಡಬೇಕು. ಅಳತೆಗೆ ಭೂಮಾಪನ, ಪತ್ರಕ್ಕೆ ನೋಂದಣಿ, ಹಕ್ಕುದಾಖಲೆಗೆ ಕಂದಾಯ ಎಂಬ ವಿಭಾಗವು ಹಳೆಯದಾದರೂ ಈ ದೃಷ್ಟಿಯಿಂದ ನಿಚ್ಚಳವಾದದ್ದು. ಎರಡನೆಯದಾಗಿ, ಹಳೆಯ ವ್ಯವಸ್ಥೆಯಲ್ಲಿ ಬರಹಕ್ಕೆ ಇಳಿಯದೆ ನಡೆಯುತ್ತಿದ್ದ ಸಂಬಂಧಗಳನ್ನು ಮೊದಲು ಪಟ್ಟಿಮಾಡಿ, ಒಂದೊಂದನ್ನೂ ಒಂದು ಸಂದೇಶವನ್ನಾಗಿ ಪರಿವರ್ತಿಸಿ, ಅದು ತಲಪಿತೆಂಬುದಕ್ಕೆ ಹೊಣೆಗಾರನನ್ನು ನೇಮಿಸಬೇಕು. ಜೆ-ಸ್ಲಿಪ್ಪಿನ ವಿಷಯದಲ್ಲಿ ಇದು ನಡೆದಿದೆ. ಮರಣದ ವಿಷಯದಲ್ಲಿ ಈ ಹೊಣೆ ವಾರಸುದಾರನ ಹೆಗಲ ಮೇಲೆಯೇ ಬಿದ್ದಿತು. ಮೂರನೆಯದಾಗಿ, ಬಿಡಿಸುವುದೇ ಗುರಿಯಲ್ಲ. ಒಟ್ಟಿಗೆ ಬದಲಾಗುವ ಕೆಲಸಗಳನ್ನು ಒಟ್ಟಿಗೇ ಇಡುವುದೂ ವಿವೇಕವೇ. ಬೆಣ್ಣೆ ಚಾವಡಿಯಂತೆ ಕೆಲಸದ ಎಲ್ಲೆಯನ್ನು ಸರಿಯಾಗಿ ಹಿಡಿದ ವಿಭಾಗವೇ ಬಾಳುವುದು.

ಶಾನುಭೋಗಿಕೆಗೆ ಹಿಂದಿರುಗಬೇಕೆಂಬುದು ಈ ಲೇಖನದ ಇಂಗಿತವಲ್ಲ. ತನ್ನ ದಾಖಲೆಯನ್ನು ಯಾರ ದಾಕ್ಷಿಣ್ಯವೂ ಇಲ್ಲದೆ ನೋಡುವ ಹಕ್ಕು ರೈತನಿಗೆ ದೊರೆತದ್ದು ಆ ಏಕಶಿಲೆ ಒಡೆದುದರಿಂದಲೇ. ಆದರೆ ಒಡೆದಾಗ ಬಿದ್ದುಹೋದ ಸಂಧಿಗಳು ಯಾವುವೆಂಬುದನ್ನು ಹೇಳಬಲ್ಲವರು ತಂತ್ರಜ್ಞರಿಗಿಂತ ಹೆಚ್ಚಾಗಿ ಆ ವಹಿಗಳನ್ನು ಬರೆದವರು. ಶಾನುಭೋಗಿಕೆ ರದ್ದಾಗಿ ಆರು ದಶಕಗಳು ಕಳೆದಿರುವುದರಿಂದ ಆ ಲೆಕ್ಕಗಳನ್ನು ಪ್ರತ್ಯಕ್ಷವಾಗಿ ಬಲ್ಲವರು ಈಗ ಅತಿ ವಿರಳ. ಕೈಬರಹದ ಪಹಣಿಗಳ ಕಾಲದಲ್ಲಿ ದುಡಿದ ಗ್ರಾಮಲೆಕ್ಕಿಗರಲ್ಲಿಯೂ ಬಹುಮಂದಿ ನಿವೃತ್ತರು. ಹೆಬ್ಬೂರು, ಗೂಳೂರು ಮೊದಲಾದ ಹೋಬಳಿಗಳಲ್ಲಿ ಅಂಥವರನ್ನು ಕಂಡು, ಯಾವ ವಹಿಯನ್ನು ನೋಡಿ ಯಾವ ವಹಿಯನ್ನು ತಿದ್ದುತ್ತಿದ್ದರೆಂಬುದನ್ನು ಬರೆದಿಡುವ ಕೆಲಸವನ್ನು ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಕೈಗೊಂಡರೆ ಅದರಿಂದ ಆಡಳಿತದ ಇತಿಹಾಸಕ್ಕೂ, ಮುಂದಿನ ತಂತ್ರಾಂಶಗಳನ್ನು ರಚಿಸುವವರಿಗೂ ಪ್ರಯೋಜನವಾದೀತು.